ಹತ್ತೇ ಸೀಟು, ಐದು ಖಂಡ

ಟೋಕಿಯೊ ಒಲಿಂಪಿಕ್ಸ್‌ನ ಕಲಾತ್ಮಕ ಈಜಿನಲ್ಲಿ ಉಕ್ರೇನ್ ತಂಡಕ್ಕೆ ಕಂಚು ಬಂದಿತ್ತು. 2024ರ ಪ್ಯಾರಿಸ್ ಕೂಟದ ತಂಡ ವಿಭಾಗದಲ್ಲಿ ಆ ದೇಶದ ಹೆಸರೇ ಇರಲಿಲ್ಲ. ಇದೇನು, ಪದಕ ಗೆದ್ದವರಿಗೂ ಜಾಗವಿಲ್ಲವೇ ಎಂದರೆ, ಹೌದು, ಇಲ್ಲ.

ಪ್ಯಾರಿಸ್‌ನಲ್ಲಿ ಅವಕಾಶವಿದ್ದದ್ದು ಒಟ್ಟು 96 ಮಂದಿಗೆ. ಎಂಟೆಂಟು ಮಂದಿಯ 10 ತಂಡಗಳಿಗೇ 80 ಜಾಗ ಹೋಯಿತು. ಮಿಕ್ಕ 16 ಜಾಗ, ತಂಡವಿಲ್ಲದೆ ಬರೀ ಡ್ಯುಯೆಟ್‌ಗೆ ಬರುವ 8 ದೇಶಗಳ ಪಾಲು. ತಂಡವಿರುವ ದೇಶ ತನ್ನ ಎಂಟರಲ್ಲೇ ಇಬ್ಬರನ್ನು ಡ್ಯುಯೆಟ್‌ಗೂ ಇಳಿಸುತ್ತದೆ.

ತಂಡಗಳ ಹತ್ತು ಸೀಟಿನಲ್ಲಿ ಐದು ಖಂಡಕ್ಕೊಂದರಂತೆ ಹಂಚಿಕೆಯಾದವು. ಯುರೋಪಿನದು ಆತಿಥೇಯ ಫ್ರಾನ್ಸ್‌ಗೆ, ಏಷ್ಯಾದ್ದು ಚೀನಾಕ್ಕೆ, ಆಫ್ರಿಕಾದ್ದು ಈಜಿಪ್ಟ್‌ಗೆ, ಓಷಿಯಾನಿಯಾದ್ದು ಆಸ್ಟ್ರೇಲಿಯಕ್ಕೆ. ಅಮೆರಿಕ ಖಂಡಗಳ ಸೀಟನ್ನು 2023ರ ಸ್ಯಾಂಟಿಯಾಗೊ ಪ್ಯಾನ್ ಅಮೆರಿಕನ್ ಕೂಟದಲ್ಲಿ ಚಿನ್ನ ಗೆದ್ದು ಮೆಕ್ಸಿಕೊ ಕಿತ್ತುಕೊಂಡಿತು. ಉಳಿದ ಐದಕ್ಕೆ 2024ರ ಫೆಬ್ರುವರಿಯಲ್ಲಿ ದೋಹಾದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನೂಕುನುಗ್ಗಲು.

ಅಲ್ಲಿ ಟೆಕ್ನಿಕಲ್, ಫ್ರೀ, ಅಕ್ರೋಬ್ಯಾಟಿಕ್ ಎಂಬ ಮೂರೂ ಪ್ರದರ್ಶನಗಳ ಅಂಕ ಲೆಕ್ಕಕ್ಕೆ ಬಂತು. 2023ರಿಂದ ಜಾರಿಗೆ ಬಂದ ಪದ್ಧತಿಯಲ್ಲಿ ಯಾವ ಕಸರತ್ತು ಮಾಡುತ್ತೇವೆ, ಅದೆಷ್ಟು ಕಠಿಣ ಎಂದು ಕೋಚ್ ಮೊದಲೇ ಬರೆದುಕೊಡಬೇಕು. ತಲೆಕೆಳಗಾಗಿ ನೀರೊಳಗಿರುವವಳ ಕಾಲು ಹೇಳಿದಷ್ಟು ಸುತ್ತು ತಿರುಗಲಿಲ್ಲವೋ, ಆ ಕಸರತ್ತಿಗೆ ‘ಬೇಸ್ ಮಾರ್ಕ್’, ಅಂದರೆ ಕನಿಷ್ಠ ಅಂಕ ಅಷ್ಟೇ. ಮುಗುಳ್ನಗೆ ಎಷ್ಟೇ ಚೆಂದವಿರಲಿ, ಒಂದು ಸುತ್ತಿನ ತಪ್ಪಿಗೆ ನಾಲ್ಕು ವರ್ಷದ ಬೆವರು ಕೊಚ್ಚಿಹೋಗಬಹುದು. ಜಪಾನ್, ಸ್ಪೇನ್, ಇಟಲಿ, ಕೆನಡಾ, ಅಮೆರಿಕ ಈ ಗಂಡಾಂತರ ದಾಟಿ ಬಂದವು.

ಅಮೆರಿಕದ್ದು ಬೇರೆಯದೇ ಕಥೆ. 2008ರ ಬಳಿಕ ಅದರ ತಂಡ ಒಲಿಂಪಿಕ್ಸ್ ಮುಖ ಕಂಡಿರಲಿಲ್ಲ. ಅನಿತಾ ಅಲ್ವಾರೆಜ್ ರಿಯೊಗೂ ಟೋಕಿಯೊಗೂ ಹೋದದ್ದು ಡ್ಯುಯೆಟ್ ಜೋಡಿಯಲ್ಲೊಬ್ಬಳಾಗಿ. 2022ರಲ್ಲಿ ಬುಡಾಪೆಸ್ಟ್‌ನ ಕೊಳದಲ್ಲಿ ಪ್ರಜ್ಞೆ ತಪ್ಪಿ ತಳಕ್ಕಿಳಿದ ಆಕೆಯನ್ನು ಕೋಚ್ ಆಂದ್ರೆಯಾ ಫುಯೆಂತೆಸ್ ತೊಟ್ಟ ಬಟ್ಟೆಯಲ್ಲೇ ಧುಮುಕಿ ಮೇಲೆತ್ತಿದ ಚಿತ್ರವನ್ನು ಲೋಕವೆಲ್ಲ ನೋಡಿತು. ಅದೇ ಅನಿತಾ ಇದ್ದ ತಂಡ ಪ್ಯಾರಿಸ್‌ನಲ್ಲಿ ಚೀನಾದ ಹಿಂದೆ ಬೆಳ್ಳಿಗೆ ಕೊರಳೊಡ್ಡಿತು.

ಪುರುಷರಿಗೂ ಪ್ಯಾರಿಸ್ ನಿಯಮ ಬಾಗಿಲು ತೆರೆದಿತ್ತು, ತಂಡಕ್ಕೆ ಇಬ್ಬರಂತೆ. ಒಬ್ಬರೂ ಆಯ್ಕೆಯಾಗಲಿಲ್ಲ.

ಖಂಡಕ್ಕೊಂದು ಸೀಟು ಕೊಟ್ಟರೆ ಗುಣಮಟ್ಟಕ್ಕೆ ಧಕ್ಕೆ ಎಂಬ ಗೊಣಗಾಟ ಇದ್ದೇ ಇದೆ. ಉಕ್ರೇನ್ ಹೊರಗಿದ್ದು ಈಜಿಪ್ಟ್ ಒಳಗಿದ್ದುದನ್ನು ನೋಡಿದರೆ ಅದು ಸುಳ್ಳೂ ಅಲ್ಲ. ಆದರೆ ಆ ಸೀಟು ಇಲ್ಲದಿದ್ದರೆ ಆಫ್ರಿಕಾದ ಹುಡುಗಿಯರಿಗೆ ಈ ಕೊಳ ಟೀವಿಯಲ್ಲಷ್ಟೇ ಕಾಣುತ್ತಿತ್ತು. ನನ್ನ ತಕರಾರು ಹಂಚಿಕೆಯ ಮೇಲಲ್ಲ, ಹತ್ತೇ ತಂಡ ಎಂಬ ಜಿಪುಣತನದ ಮೇಲೆ.

ಭಾರತ ಈ ಸ್ಪರ್ಧೆಯಲ್ಲಿ ಇದುವರೆಗೆ ಒಲಿಂಪಿಕ್ಸ್ ಅರ್ಹತೆ ಪಡೆದಿಲ್ಲ. ಏಷ್ಯಾದ ಸೀಟಿನಲ್ಲಿ ಚೀನಾ ಕೂತಿರುವಾಗ ಜಪಾನ್ ಕೂಡ ದೋಹಾದ ದಾರಿ ಹಿಡಿಯಬೇಕಾಯಿತು. ನಮ್ಮ ಮಟ್ಟಿಗೆ ಎಂಟು ಮಂದಿಯ ತಂಡ ಕಟ್ಟುವ ಕನಸಿಗಿಂತ ಇಬ್ಬರನ್ನು ಆರಿಸಿ ಡ್ಯುಯೆಟ್‌ಗೆ ತಯಾರು ಮಾಡುವುದೇ ಲೇಸು.