ಅಂಗಡಿಯ ವೈಫೈ ಮತ್ತು ‘ಅಡ್ಮಿನ್’ ಎಂಬ ಪಾಸ್‌ವರ್ಡ್

ಅಣ್ಣನ ಅಂಗಡಿಯ ನೆಟ್‌ವರ್ಕ್ ಸರಿಮಾಡಲು ಹೋದಾಗ ನೋಡಿದೆ: ರೂಟರ್, ಸಿಸಿಟಿವಿ ಎರಡಕ್ಕೂ ಪಾಸ್‌ವರ್ಡ್ ‘ಅಡ್ಮಿನ್’. ಬಿಲ್ಲಿಂಗ್ ಕಂಪ್ಯೂಟರೂ ಗಿರಾಕಿಗಳ ಮೊಬೈಲೂ ಒಂದೇ ವೈಫೈನಲ್ಲಿ. “ನಮ್ಮಲ್ಲಿ ಕದಿಯೋಕೆ ಏನಿದೆ ಬಿಡೋ” ಅಂದ.

ಕದಿಯಲೇಬೇಕೆಂದಿಲ್ಲ. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ, ಕಂಪನಿಗಳೇ ಇಟ್ಟುಕೊಟ್ಟ 60ರಷ್ಟು ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಹಾಕಿ ನೋಡಿ, ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ವಶಮಾಡಿಕೊಂಡಿತು. ಅವುಗಳ ಮೂಲಕ ನಡೆದ ದಾಳಿಗೆ ಅಮೆರಿಕದಲ್ಲಿ ಟ್ವಿಟ್ಟರ್ ಕೂಡ ಗಂಟೆಗಟ್ಟಲೆ ಕೈಕೊಟ್ಟಿತು.

ನಾನು ಮಾಡಿದ್ದಿಷ್ಟು: ಎರಡರ ಪಾಸ್‌ವರ್ಡೂ ಬದಲಿಸಿದೆ, ಅಪ್‌ಡೇಟ್ ಹಾಕಿದೆ, ಗಿರಾಕಿಗಳಿಗೆ ಗೆಸ್ಟ್ ವೈಫೈ ಬೇರೆ ಮಾಡಿದೆ. ಅರ್ಧ ಗಂಟೆ ಕೆಲಸ.

ಆದರೆ ಇದು ಅಣ್ಣನೊಬ್ಬನ ತಲೆನೋವು ಯಾಕಾಗಬೇಕು? ಸುಲಭವಾಗಿ ಊಹಿಸಬಹುದಾದ ಡೀಫಾಲ್ಟ್ ಪಾಸ್‌ವರ್ಡ್ ಇಟ್ಟು ಇಂಥ ಉಪಕರಣ ಮಾರುವುದನ್ನು ಬ್ರಿಟನ್ 2024ರ ಏಪ್ರಿಲ್‌ನಿಂದ ನಿಷೇಧಿಸಿದೆ. ನ್ಯಾಯ ಅದೇ: ಬೀಗ ಮಾರುವವನೇ ಎಲ್ಲರಿಗೂ ಒಂದೇ ಕೀಲಿ ಕೊಟ್ಟರೆ, ತಪ್ಪು ಮನೆಯವನದಲ್ಲ.