ಗಡಿಯಾರ ನೋಡಿ ಬರುವ ತಲೆನೋವು

ರಾತ್ರಿ ಹನ್ನೊಂದಕ್ಕೆ ಮಲಗಿದವರು ಒಂದು ಗಂಟೆಯ ಹೊತ್ತಿಗೆ ದಡಕ್ಕನೆ ಎದ್ದು ಕೂರುತ್ತಾರೆ. ಒಂದೇ ಕಣ್ಣಿನ ಹಿಂದೆ, ಕಾದ ಸಲಾಕೆಯಿಂದ ಚುಚ್ಚಿ ತಿರುವಿದಂಥ ನೋವು. ಆ ಕಣ್ಣು ಕೆಂಪಗಾಗಿ ನೀರು ಸುರಿಸುತ್ತದೆ, ಅದೇ ಬದಿಯ ಮೂಗಿನ ಹೊಳ್ಳೆ ಕಟ್ಟುತ್ತದೆ ಇಲ್ಲವೆ ಸೋರುತ್ತದೆ, ರೆಪ್ಪೆ ಜೋತುಬೀಳುತ್ತದೆ. ಇನ್ನೊಂದು ಬದಿಗೆ ಏನೂ ಆಗಿರುವುದಿಲ್ಲ. ಮಲಗೋಣವೆಂದರೆ ಆಗುವುದಿಲ್ಲ; ಕತ್ತಲಲ್ಲೇ ನಡುಮನೆಯಲ್ಲಿ ಶತಪಥ ತಿರುಗುತ್ತಾರೆ, ಹಣೆಯನ್ನು ಗೋಡೆಗೆ ಒತ್ತಿ ಹಿಡಿಯುತ್ತಾರೆ. ಸುಮಾರು ಒಂದು ಗಂಟೆ ಹೀಗೆ ನರಳಿದ ಮೇಲೆ ನೋವು ಬಂದಷ್ಟೇ ಬೇಗ ಇಳಿದುಹೋಗುತ್ತದೆ. ಮರುದಿನ ಅದೇ ಹೊತ್ತಿಗೆ ಮತ್ತೆ ಹಾಜರು.

ಇದು ಕ್ಲಸ್ಟರ್ ತಲೆನೋವು. ಸಾವಿರಕ್ಕೆ ಸುಮಾರು ಒಬ್ಬರಿಗೆ ಬರುತ್ತದೆ. ಶುರುವಾಗುವುದು ಹೆಚ್ಚಾಗಿ ಇಪ್ಪತ್ತರಿಂದ ನಲವತ್ತರ ನಡುವೆ. ಒಂದು ಸಲ ಬಂದರೆ 15 ನಿಮಿಷದಿಂದ 3 ಗಂಟೆಯವರೆಗೆ ಇರುತ್ತದೆ. ಕೆಲವರಿಗೆ ದಿನ ಬಿಟ್ಟು ದಿನ, ಕೆಲವರಿಗೆ ದಿನಕ್ಕೆ 8 ಸಲ. ಹೀಗೆ ಕೆಲವು ವಾರ, ಎರಡು ಮೂರು ತಿಂಗಳು ಕಾಡಿ, ಆಮೇಲೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಸುಳಿವೇ ಇರುವುದಿಲ್ಲ. ಹತ್ತರಲ್ಲಿ ಒಬ್ಬರಿಗೋ ಇಬ್ಬರಿಗೋ ಈ ಬಿಡುವೂ ಸಿಗುವುದಿಲ್ಲ. ಬೇರೆ ಬೇರೆ ದೇಶಗಳ 1,604 ರೋಗಿಗಳನ್ನು ಕೇಳಿ ಮಾಡಿದ ಸಮೀಕ್ಷೆಯೊಂದರಲ್ಲಿ ಈ ನೋವಿಗೆ ಹತ್ತಕ್ಕೆ 9.7 ಅಂಕ ಬಂತು. ಅದೇ ರೋಗಿಗಳಲ್ಲಿ ಹೆರಿಗೆ ಕಂಡ ಹೆಂಗಸರು ಹೆರಿಗೆ ನೋವಿಗೆ ಕೊಟ್ಟದ್ದು 7.2, ಮೂತ್ರಪಿಂಡದ ಕಲ್ಲಿನ ನೋವುಂಡವರು ಅದಕ್ಕೆ ಕೊಟ್ಟದ್ದು 6.9. ಮನೆಯಲ್ಲೂ ಆಫೀಸಿನಲ್ಲೂ 'ತಲೆನೋವು ತಾನೇ, ಒಂದು ಮಾತ್ರೆ ನುಂಗು' ಎನ್ನುವವರು ಈ ಅಂಕಗಳನ್ನು ಒಮ್ಮೆ ನೋಡಬೇಕು.

ಮಾತ್ರೆ ನುಂಗಿದರೂ ಪ್ರಯೋಜನ ಅಷ್ಟಕ್ಕಷ್ಟೆ. ಹೊಟ್ಟೆಗೆ ಹೋದ ಮಾತ್ರೆ ಕರಗಿ ರಕ್ತ ಸೇರುವಷ್ಟರಲ್ಲಿ ಅರ್ಧ ಗಂಟೆ, ಮುಕ್ಕಾಲು ಗಂಟೆ ಕಳೆದಿರುತ್ತದೆ. ಈ ನೋವಾದರೋ ಕೆಲವೇ ನಿಮಿಷಗಳಲ್ಲಿ ತುತ್ತತುದಿ ಮುಟ್ಟುತ್ತದೆ. ಎಷ್ಟೋ ಸಲ ಮಾತ್ರೆ ಕೆಲಸ ಶುರು ಮಾಡುವ ಹೊತ್ತಿಗೆ ನೋವು ತಾನಾಗಿಯೇ ಇಳಿಯುತ್ತಿರುತ್ತದೆ, ಹೆಸರು ಮಾತ್ರ ಮಾತ್ರೆಗೆ ಬರುತ್ತದೆ.

ರೋಗ ಯಾವುದೆಂದು ಗೊತ್ತಾಗಲು ಅನೇಕರಿಗೆ ವರ್ಷಗಳೇ ಹಿಡಿಯುತ್ತವೆ. ಮೂಗು ಕಟ್ಟಿದೆಯಲ್ಲ ಎಂದು ಸೈನಸ್‌ಗೆ ಔಷಧಿ ನಡೆಯುತ್ತದೆ. ನೋವು ಮೇಲ್ದವಡೆಗೆ ಇಳಿಯುವುದರಿಂದ ಚೆನ್ನಾಗಿರುವ ಹಲ್ಲನ್ನೇ ಕೀಳಿಸಿಕೊಂಡವರಿದ್ದಾರೆ. ಇದು ಗಂಡಸರ ಕಾಯಿಲೆ ಎಂಬ ಹಳೆಯ ನಂಬಿಕೆಯಿಂದಾಗಿ ಹೆಂಗಸರಿಗೆ ಮೈಗ್ರೇನ್ ಎಂದು ಹೇಳಿ ಕಳಿಸುವುದು ಇನ್ನೂ ಹೆಚ್ಚು. ಆದರೆ ಮೈಗ್ರೇನ್ ಬಂದವರು ಕಿಟಕಿ ಮುಚ್ಚಿ, ದೀಪ ಆರಿಸಿ, ಅಲುಗಾಡದೆ ಮಲಗಲು ಬಯಸುತ್ತಾರೆ. ಕ್ಲಸ್ಟರ್ ಬಂದವರಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಈ ಕಾಯಿಲೆಯನ್ನು ಗುರುತಿಸಿಕೊಡುವ ರಕ್ತಪರೀಕ್ಷೆ ಯಾವುದೂ ಇಲ್ಲ. ಎಂಆರ್‌ಐ ಮಾಡಿಸುವುದು ಗಡ್ಡೆಯಂಥ ಬೇರೆ ಕಾರಣ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುವುದಕ್ಕೆ. ಉಳಿದದ್ದೆಲ್ಲ ಸರಿಯಾದ ಪ್ರಶ್ನೆಗಳ ಮೇಲೆ ನಿಂತಿದೆ: ಯಾವ ಬದಿ, ಎಷ್ಟು ಹೊತ್ತು, ಎಷ್ಟು ಗಂಟೆಗೆ?

ಕೊನೆಯ ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯವೆನ್ನಿಸುತ್ತದೆ. 1745ರಷ್ಟು ಹಿಂದೆಯೇ ಡಚ್ ವೈದ್ಯ ಗೆರಾರ್ಡ್ ಫಾನ್ ಸ್ವೀಟನ್, ಗಟ್ಟಿಮುಟ್ಟಾದ ಮಧ್ಯವಯಸ್ಕನೊಬ್ಬನಿಗೆ ದಿನವೂ ಅದೇ ಗಂಟೆಗೆ, ಎಡಗಣ್ಣಿನ ಮೇಲೆ ಅದೇ ಜಾಗದಲ್ಲಿ ನೋವು ಬರುತ್ತಿದ್ದುದನ್ನೂ ಕಣ್ಣು ಕೆಂಪಾಗಿ ನೀರಿಳಿಯುತ್ತಿದ್ದುದನ್ನೂ ಬರೆದಿಟ್ಟಿದ್ದ. ಆ ನಿಖರತೆಯ ಮೂಲ ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್. ನಿದ್ರೆ, ಎಚ್ಚರ, ಹಸಿವು, ಮೈಯ ಬಿಸಿ ಇವೆಲ್ಲಕ್ಕೂ ಹೊತ್ತು ಗೊತ್ತುಮಾಡುವುದು ಅದೇ. ಸಂಶೋಧಕರಾದ ಆರ್ನೆ ಮೇ, ಪೀಟರ್ ಗೋಡ್ಸ್‌ಬಿ ಮತ್ತು ಸಂಗಡಿಗರು 1998ರಲ್ಲಿ ನೋವು ಬಂದಿರುವಾಗಲೇ ರೋಗಿಗಳ ಮಿದುಳಿನ ಪೆಟ್ ಸ್ಕ್ಯಾನ್ ತೆಗೆದರು. ನೋವಿದ್ದ ಬದಿಯಲ್ಲೇ ಹೈಪೊಥಲಾಮಸ್‌ನ ಹಿಂಭಾಗ ಚುರುಕಾಗಿತ್ತು. ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 2023ರಲ್ಲಿ ನೋಡಿದಾಗ, ನೂರರಲ್ಲಿ 71 ರೋಗಿಗಳಿಗೆ ದಿನದ ಇಂಥದ್ದೇ ಹೊತ್ತಿಗೆ ನೋವು ಬರುವುದು ಕಂಡುಬಂತು. ಹೆಚ್ಚಾಗಿ ರಾತ್ರಿಯ ಹೊತ್ತಿನಲ್ಲೇ.

ಹೈಪೊಥಲಾಮಸ್‌ಗೂ ಮುಖದ ನೋವನ್ನು ಹೊರುವ ಟ್ರೈಜೆಮಿನಲ್ ನರದ ಕೇಂದ್ರಕ್ಕೂ ಸಂಪರ್ಕವಿದೆ. ಆ ನರ ಕೆರಳಿದರೆ, ಕಣ್ಣೀರು ಮತ್ತು ಸಿಂಬಳದ ಗ್ರಂಥಿಗಳಿಗೆ ಹೋಗುವ ನರಗಳೂ ಅದರ ಜೊತೆಗೇ ಕೆರಳುತ್ತವೆ. ಕಣ್ಣಲ್ಲಿ ನೀರು, ಮೂಗಲ್ಲಿ ಸೋರಿಕೆ ಬರುವುದು ಅದಕ್ಕೇ. ಸೈನಸ್‌ನ ತಪ್ಪು ಇದರಲ್ಲಿ ಏನೂ ಇಲ್ಲ.

ಇನ್ನು ಪರಿಹಾರ. ಶುದ್ಧ ಆಮ್ಲಜನಕ ಈ ನೋವನ್ನು ನಿಲ್ಲಿಸಬಲ್ಲದು. ಅಮೆರಿಕದ ಮೇಯೋ ಕ್ಲಿನಿಕ್‌ನ ಬೇಯಾರ್ಡ್ ಹಾರ್ಟನ್ 1950ರ ದಶಕದಲ್ಲೇ ಇದನ್ನು ಬಳಸುತ್ತಿದ್ದರು. 2009ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದರಲ್ಲಿ ರೋಗಿಗಳಿಗೆ ಕೆಲವು ಸಲ ಆಮ್ಲಜನಕ, ಕೆಲವು ಸಲ ಬರೀ ಗಾಳಿ ತುಂಬಿದ ಸಿಲಿಂಡರ್ ಕೊಟ್ಟರು. ಯಾವುದು ಯಾವುದೆಂದು ಅವರಿಗೆ ತಿಳಿಸಲಿಲ್ಲ. 15 ನಿಮಿಷದೊಳಗೆ ನೋವು ಹೋದದ್ದು ಇಲ್ಲವೆ ಸಾಕಷ್ಟು ತಗ್ಗಿದ್ದು ಆಮ್ಲಜನಕ ಎಳೆದಾಗ ನೂರಕ್ಕೆ 78 ಸಲ, ಗಾಳಿ ಎಳೆದಾಗ 20 ಸಲ. ಇಷ್ಟು ಸುರಕ್ಷಿತವಾದ, ಇಷ್ಟು ಅಗ್ಗದ ಪರಿಹಾರ ಇದ್ದೂ ಅದರ ಮಾತೇ ಕಿವಿಗೆ ಬೀಳದೆ ರಾತ್ರಿಗಳನ್ನು ಕಳೆಯುವವರಿದ್ದಾರಲ್ಲ ಎಂಬುದು ನನ್ನನ್ನು ತುಂಬ ನೋಯಿಸುವ ಸಂಗತಿ.

ಆದರೆ ಕ್ರಮ ತಪ್ಪಿದರೆ ಗುಣ ಕಾಣುವುದಿಲ್ಲ. ಮೂಗಿಗೆ ಸಿಕ್ಕಿಸುವ ಸಣ್ಣ ಕೊಳವೆ ಸಾಲದು. ಬಾಯಿ ಮೂಗು ಎರಡನ್ನೂ ಮುಚ್ಚುವ, ಕೆಳಗೆ ಚೀಲವಿರುವ ಮಾಸ್ಕ್ ಬೇಕು. ನಿಮಿಷಕ್ಕೆ 12ರಿಂದ 15 ಲೀಟರ್ ಹರಿಯಬೇಕು. ನೋವು ಮೊಳೆತ ಕೂಡಲೇ ಶುರು ಮಾಡಿ 15–20 ನಿಮಿಷ ಎಳೆಯಬೇಕು. ಕೋವಿಡ್ ಕಾಲದಲ್ಲಿ ಮನೆಗೆ ತಂದ ಕಾನ್ಸೆಂಟ್ರೇಟರ್ ಸಾಮಾನ್ಯವಾಗಿ 5 ಅಥವಾ 10 ಲೀಟರಿನದು, ಅದು ಸಾಕಾಗುವುದಿಲ್ಲ. ಸಿಲಿಂಡರ್ ಬಾಡಿಗೆಗೆ ತರುವುದೇ ಒಳ್ಳೆಯದು. 12 ಲೀಟರಿನಂತೆ 15 ನಿಮಿಷಕ್ಕೆ 180 ಲೀಟರ್ ಖರ್ಚು. ಸುಮಾರು 1,500 ಲೀಟರಿನ ಸಿಲಿಂಡರ್ ಎಂಟು ಸಲಕ್ಕೆ ಬರುತ್ತದೆ. ಆಮ್ಲಜನಕವೂ ಔಷಧಿಯೇ, ವೈದ್ಯರ ಚೀಟಿ ಇಲ್ಲದೆ ಬೇಡ. ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರಿಗೆ ಅದು ಅಪಾಯ ತರಬಹುದು. ಸಿಲಿಂಡರ್ ಇಟ್ಟ ಕೋಣೆಯಲ್ಲಿ ಬೀಡಿ ಸಿಗರೇಟು ಮಾತ್ರವಲ್ಲ, ದೇವರ ದೀಪ, ಊದುಬತ್ತಿಯೂ ಕೂಡದು.

ಆಮ್ಲಜನಕಕ್ಕೆ ಸಮನಾದ ಇನ್ನೊಂದು ದಾರಿ ಸುಮಾಟ್ರಿಪ್ಟಾನ್, ಚರ್ಮದಡಿ ಕೊಡುವ 6 ಮಿಲಿಗ್ರಾಂ ಚುಚ್ಚುಮದ್ದು. ಹೃದಯದ ರಕ್ತನಾಳದ ತೊಂದರೆ ಇದ್ದವರಿಗೆ, ಹತೋಟಿಗೆ ಬಾರದ ಬಿಪಿ ಇದ್ದವರಿಗೆ ಇದು ಸಲ್ಲದು. ಅದೇ ಗುಂಪಿನ ಜೋಲ್ಮಿಟ್ರಿಪ್ಟಾನ್ ಮೂಗಿನ ಸ್ಪ್ರೇ ಆಗಿಯೂ ಇದೆ, ಕೆಲಸ ಸ್ವಲ್ಪ ನಿಧಾನ.

ಬಂದ ನೋವನ್ನು ನಿಲ್ಲಿಸುವುದು ಒಂದು ಕೆಲಸವಾದರೆ, ವಾರಗಟ್ಟಲೆ ಕಾಡುವ ಇಡೀ ಸುತ್ತನ್ನೇ ಮೊಟಕು ಮಾಡುವುದು ಇನ್ನೊಂದು. ಅದಕ್ಕೆ ಮೊದಲು ನಿಲ್ಲುವುದು ವೆರಪಮಿಲ್, ಮೂಲತಃ ಬಿಪಿ ಮತ್ತು ಹೃದಯದ ಮಾತ್ರೆ. ಇಲ್ಲಿ ಪ್ರಮಾಣ ಹೆಚ್ಚು ಬೇಕಾಗುತ್ತದೆ, ಹೃದಯದ ಬಡಿತದ ಲಯ ಕೆಡಿಸಬಹುದು. ಆದ್ದರಿಂದ ಪ್ರಮಾಣ ಏರಿಸುವಾಗೆಲ್ಲ ಇಸಿಜಿ ತೆಗೆಸಲೇಬೇಕು. ಅದು ಕೈಹಿಡಿಯಲು ಕೆಲವು ದಿನ ಬೇಕಾದ್ದರಿಂದ ನಡುವಿನ ಅವಧಿಗೆ ಕೆಲವು ದಿನ ಪ್ರೆಡ್ನಿಸೊಲೋನ್ ಕೊಡುತ್ತಾರೆ, ಇಲ್ಲವೆ ತಲೆಯ ಹಿಂಭಾಗದ ನರದ ಬಳಿ ಚುಚ್ಚುಮದ್ದು ಹಾಕುತ್ತಾರೆ. ವೆರಪಮಿಲ್ ಒಗ್ಗದವರಿಗೆ ಲಿಥಿಯಂ ಇದೆ. ನೋವಿನ ಸಮಯದಲ್ಲಿ ರಕ್ತದಲ್ಲಿ ಏರುವ ಸಿಜಿಆರ್‌ಪಿ ಎಂಬ ಪ್ರೋಟೀನನ್ನು ತಡೆಯುವ ಗಾಲ್ಕನೆಜುಮ್ಯಾಬ್‌ಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಸುತ್ತು ನಡೆಯುತ್ತಿರುವ ವಾರಗಳಲ್ಲಿ ಮದ್ಯ ಒಂದು ಗುಟುಕೂ ಬೇಡ. ಒಂದು ಗಂಟೆಯೊಳಗೆ ನೋವು ಎಬ್ಬಿಸಬಲ್ಲದು. ವಿಚಿತ್ರವೆಂದರೆ ಸುತ್ತು ಮುಗಿದ ಮೇಲೆ ಅದೇ ಮದ್ಯ ಏನೂ ಮಾಡುವುದಿಲ್ಲ. ಮಧ್ಯಾಹ್ನದ ನಿದ್ದೆಯೂ ಕೆಲವರಿಗೆ ನೋವು ತರುತ್ತದೆ.

ಮನೆಯವರಿಗೂ ಒಂದು ಮಾತು. ಆ ಒಂದು ಗಂಟೆ ತಲೆ ಒತ್ತಲು, ಬಾಮ್ ಹಚ್ಚಲು, ಮಾತಾಡಿಸಲು ಹೋಗಬೇಡಿ. ಮಾಸ್ಕ್ ಕೈಗೆ ಕೊಟ್ಟು, ಜಾಗ ಬಿಟ್ಟು, ಹತ್ತಿರದಲ್ಲಿರಿ. ನೋವಿನ ತೀವ್ರತೆಯಲ್ಲಿ ಬದುಕೇ ಬೇಡವೆನ್ನಿಸುವುದು ಈ ಕಾಯಿಲೆಯಲ್ಲಿ ನಿಜವಾಗಿಯೂ ಆಗುತ್ತದೆ. ಅಂಥ ಮಾತು ಬಾಯಿಂದ ಬಂದರೆ ಹಗುರವಾಗಿ ತೆಗೆದುಕೊಳ್ಳದೆ ಕೂಡಲೇ ವೈದ್ಯರಿಗೆ ತಿಳಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲು ರಾತ್ರಿ ಕನ್ನಡದಲ್ಲೂ ಮಾತಾಡಬಹುದು.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ನೋವು ಶುರುವಾದ ಗಂಟೆ, ಮುಗಿದ ಗಂಟೆ, ಬದಿ, ಕಣ್ಣು ಮೂಗಿನ ಸ್ಥಿತಿ, ತೆಗೆದುಕೊಂಡದ್ದೇನು ಎಂದು ಬರೆಯಿರಿ. ಸಾಧ್ಯವಾದರೆ ನೋವಿನ ಹೊತ್ತಿನಲ್ಲಿ ಮುಖದ ಚಿಕ್ಕ ವಿಡಿಯೋ ಮಾಡಿಸಿ. ನರರೋಗ ತಜ್ಞರಿಗೆ ಯಾವ ಸ್ಕ್ಯಾನಿಗಿಂತಲೂ ಇದು ಹೆಚ್ಚು ಹೇಳುತ್ತದೆ. ಸುತ್ತು ಮುಗಿದ ಮೇಲೂ ಆ ಪುಸ್ತಕವನ್ನು ಎಸೆಯಬೇಡಿ. ಎಷ್ಟೋ ಜನರಿಗೆ ನೋವು ವರ್ಷದ ಅದದೇ ತಿಂಗಳಲ್ಲಿ ಮರಳುತ್ತದೆ. ಆ ತಿಂಗಳು ಹತ್ತಿರ ಬಂದಾಗ ವೈದ್ಯರನ್ನು ಕಂಡು ಬಂದು, ಸಿಲಿಂಡರ್ ತುಂಬಿಸಿಟ್ಟುಕೊಳ್ಳಬಹುದು.