ಮೂಗಿನೆದುರು ಅಡಗುವುದು ಹೇಗೆ?

ಎಲೆಬಣ್ಣದ ಅಂಗಿ, ಎಲೆಬಣ್ಣದ ಟೋಪಿ, ಮುಖಕ್ಕೆಲ್ಲ ಮಸಿ. ಅಮೆರಿಕದ ಟೆಕ್ಸಾಸ್‌ನಲ್ಲಿ ಪೊದೆಯ ಹಿಂದೆ ಉಸಿರು ಬಿಗಿಹಿಡಿದು ಕೂತ ಬೇಟೆಗಾರ ಪಕ್ಕದಲ್ಲಿ ನಿಂತವರಿಗೂ ಕಾಣುವುದಿಲ್ಲ. ಆದರೆ ಗಾಳಿ ಅವನ ಬೆನ್ನ ಕಡೆಯಿಂದ ಬೀಸಿತೋ, ಕಥೆ ಮುಗಿಯಿತು! ಎಲ್ಲೋ ದೂರದಲ್ಲಿ ಹಿಂಡಿನ ಹಿರಿಯ ಹೆಣ್ಣುಹಂದಿ ಮೂತಿ ಎತ್ತುತ್ತದೆ, ಒಮ್ಮೆ ಗುಟುರು ಹಾಕುತ್ತದೆ, ಮರಿಮಕ್ಕಳ ಸಮೇತ ಮಾಯವಾಗುತ್ತದೆ. ಅಷ್ಟು ದುಡ್ಡು ಸುರಿದು ಕೊಂಡ ಅಂಗಿಯನ್ನು ಅದು ನೋಡಲೇ ಇಲ್ಲ!

ನೋಡಿದ್ದರೂ ಅದಕ್ಕೆ ಕಾಣುತ್ತಿದ್ದುದು ಎಷ್ಟು? ಹಂದಿಯ ಕಣ್ಣಲ್ಲಿ ಬಣ್ಣ ಹಿಡಿಯುವ ಕೋಶಗಳು ಎರಡೇ ಬಗೆ, ನಮಗೆ ಮೂರು. ಕೆಂಪು ಅದಕ್ಕೆ ಬಹುಮಟ್ಟಿಗೆ ಕತ್ತಲು. ರಾತ್ರಿ ಬೇಟೆಗಾರರು ಕೆಂಪು ದೀಪ ಹಿಡಿಯುವ ಗುಟ್ಟು ಇದೇ. ದೂರದ ವಸ್ತುವೆಲ್ಲ ಅದಕ್ಕೆ ಮಸುಕು. ಆದರೆ ಕೈ ಅಲುಗಿತೋ, ಥಟ್ಟನೆ ಗೊತ್ತಾಗುತ್ತದೆ! ಇನ್ನು ಕಿವಿ: ನಮ್ಮದು 20,000 ಹರ್ಟ್ಸ್‌ಗೆ ಸೋತರೆ ಅದರದ್ದು 40,000ದವರೆಗೂ ಕೇಳುತ್ತದೆ.

ಮೂಗಿನ ಕಥೆಯಂತೂ ಅದ್ಭುತ. 2012ರಲ್ಲಿ ಹಂದಿಯ ಇಡೀ ವಂಶವಾಹಿ ನಕ್ಷೆ ಪ್ರಕಟವಾಯಿತು. ವಾಸನೆ ಹಿಡಿಯುವುದಕ್ಕೆಂದೇ ಕೆಲಸ ಮಾಡುವ ಜೀನ್‌ಗಳು ಅದರಲ್ಲಿ ಸಾವಿರಕ್ಕೂ ಮಿಕ್ಕಿ! ಮನುಷ್ಯನಲ್ಲಿ ಸುಮಾರು 400. ಇಂಥ ಮೂಗಿನೆದುರು ಪೊದೆ ಯಾವ ಮರೆ?

ಮರೆ ಇರುವುದು ಗಾಳಿಯಲ್ಲಿ. ಅದಕ್ಕೇ ಪಳಗಿದವರ ಜೇಬಿನಲ್ಲಿ ಪುಟ್ಟದೊಂದು ಪೌಡರ್ ಡಬ್ಬಿ ಇರುತ್ತದೆ. ಒಂದು ಚಿಟಿಕೆ ಹಾರಿಸಿ ನೋಡುತ್ತಾರೆ. ಹಂದಿಯ ಕಡೆಯಿಂದ ತಮ್ಮ ಮುಖಕ್ಕೆ ಗಾಳಿ ಬಡಿಯುವ ಜಾಗ ಸಿಕ್ಕಿದರಷ್ಟೇ ಕೂರುವುದು. ಆ ಗಾಳಿಯೂ ಗಳಿಗೆಗೊಂದು ಬಗೆ! ಬಿಸಿಲೇರಿದಂತೆ ಬೆಚ್ಚಗಾದ ಗಾಳಿ ಗುಡ್ಡ ಹತ್ತುತ್ತದೆ; ಸಂಜೆ ತಣ್ಣಗಾಗಿ ಕಣಿವೆಗೆ ಇಳಿಯುತ್ತದೆ. ಬೆಳಿಗ್ಗೆ ಗುಡ್ಡದ ಮೇಲೆ ಭದ್ರವಾಗಿ ಅಡಗಿದ್ದವನು ಸಂಜೆ ಅಲ್ಲೇ ಕೂತರೆ ಮೈಬೆವರಿನ ಡಂಗುರ ತಾನೇ ಸಾರಿದ ಹಾಗೆ. ಮೈವಾಸನೆ ಅಳಿಸುವ ಸ್ಪ್ರೇಗಳೂ ಅಂಗಡಿಯಲ್ಲಿವೆ. ಗಾಳಿ ತಿರುಗಿದ ಮೇಲೆ ಅವು ಕಾಪಾಡುತ್ತವೆಂದು ನನಗಂತೂ ನಂಬಿಕೆಯಿಲ್ಲ.

ಅಂದಹಾಗೆ, ಈ ಹಂದಿಗಳು ಅಮೆರಿಕದ ನೆಲದ ಪ್ರಾಣಿಗಳೇ ಅಲ್ಲ. 1539ರಲ್ಲಿ ಸ್ಪೇನಿನ ಎರ್ನಾಂಡೊ ಡಿ ಸೋಟೊ ಫ್ಲಾರಿಡಾಕ್ಕೆ ಹಂದಿಗಳನ್ನು ಹೊಡೆದುಕೊಂಡು ಬಂದ. ಹೀಗೆ ಹೊರಗಿನವರು ತಂದು ಸಾಕಿದವೇ ತಪ್ಪಿಸಿಕೊಂಡು ಕಾಡುಬಿದ್ದವು. ಬೇಟೆಗೆಂದು ಬಿಟ್ಟ ಯುರೋಪಿನ ಕಾಡುಹಂದಿಯೂ ಜೊತೆ ಸೇರಿತು. ಬೆಳೆಹಾನಿ ತಾಳಲಾರದೆ ಟೆಕ್ಸಾಸ್ 2011ರಲ್ಲಿ ಹೆಲಿಕಾಪ್ಟರ್ ಬೇಟೆಗೆ ದಾರಿ ಬಿಟ್ಟಿತು. 2019ರಿಂದ ಜಮೀನಿನ ಒಡೆಯ ಒಪ್ಪಿದರೆ ನೆಲದ ಮೇಲಿನ ಹಂದಿ ಬೇಟೆಗೆ ಲೈಸೆನ್ಸೂ ಬೇಡ. ಹಂದಿಗಳೇನು ಸುಮ್ಮನಿದ್ದಾವೆಯೇ? ಬೇಟೆಯ ಕಾಟ ಹೆಚ್ಚಿದ ಕಡೆ ಹಗಲಿನ ತಿರುಗಾಟ ಬಿಟ್ಟು ರಾತ್ರಿಗೆ ಹೊರಳಿವೆ!

ನಮ್ಮ ಮಲೆನಾಡಿನ ಗದ್ದೆ ತೋಟಗಳಲ್ಲಿ ಮಣ್ಣು ಮಗುಚುವುದೂ ಇದೇ ಜಾತಿಯ ಹಂದಿ. ಆದರೆ ಇಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅನುಮತಿಯಿಲ್ಲದೆ ಅದನ್ನು ಬೇಟೆಯಾಡುವುದು ಅಪರಾಧ. ತೋಟದಂಚಿನಲ್ಲಿ ಕ್ಯಾಮೆರಾ ಹಿಡಿದು ಕಾಯುವವರೂ ಅಂಗಿಯ ಬಣ್ಣದ ಚಿಂತೆ ಬಿಟ್ಟು ಮೊದಲು ಗಾಳಿ ಎತ್ತ ಬೀಸುತ್ತಿದೆ ನೋಡಿಕೊಳ್ಳಿ.